ಪ್ಲೇಟ್‌ಲೆಟ್ ಕಡಿಮೆಯಾದರೆ ಜೀನ್ ಕೆಟ್ಟಿದೆ ಅಂತಲೇ?

ಪ್ರಶ್ನೆ: ನನ್ನ ತಂಗಿಗೆ 27 ವರ್ಷ. ಕಳೆದ ವರ್ಷ ಅವಳ ಕಾಲ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳೆದ್ದವು. ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 11,000. ಐಟಿಪಿ (ಇಮ್ಯೂನ್ ಥ್ರಾಂಬೊಸೈಟೊಪೀನಿಯಾ) ಎಂದರು. ಸ್ಟೀರಾಯ್ಡ್ ಕೊಟ್ಟಾಗ ಏರಿತು, ಡೋಸ್ ಇಳಿಸಿದ ಕೂಡಲೇ ಮತ್ತೆ ಬಿತ್ತು. ಈಗ ಎಲ್ಟ್ರೊಂಬೊಪ್ಯಾಗ್ ಮಾತ್ರೆ ಶುರುವಾಗಿದೆ. ‘ಟಿಪಿಒ ಅನ್ನೋ ಹಾರ್ಮೋನ್ ಮಾಡುವ ಕೆಲಸವನ್ನೇ ಈ ಮಾತ್ರೆ ಮಾಡುತ್ತದೆ’ ಎಂದು ಡಾಕ್ಟರ್ ಹೇಳಿದರು. ನೆಟ್‌ನಲ್ಲಿ ಹುಡುಕಿದಾಗ ಆ ಹಾರ್ಮೋನಿಗೆ ಟಿಎಚ್‌ಪಿಒ ಎಂಬ ಜೀನ್ ಇದೆ ಎಂದು ಗೊತ್ತಾಯಿತು. ಅವಳಿಗೆ ಆ ಜೀನ್ ಕೆಟ್ಟಿದೆಯೇ? ಜೀನ್ ಪರೀಕ್ಷೆ ಮಾಡಿಸಬೇಕೇ? ಆ ಹಾರ್ಮೋನನ್ನೇ ಯಾಕೆ ಕೊಡುವುದಿಲ್ಲ? ಪಪ್ಪಾಯ ಎಲೆ ರಸ ಕುಡಿಸಿ ಅಂತ ಮನೆಗೆ ಬಂದವರೆಲ್ಲ ಹೇಳುತ್ತಿದ್ದಾರೆ. ಮುಂದೆ ಅವಳ ಮಕ್ಕಳಿಗೂ ಇದು ಬರುತ್ತದೆಯೇ?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತಂಗಿಯ ಟಿಎಚ್‌ಪಿಒ ಜೀನ್ ಚೆನ್ನಾಗಿಯೇ ಇರಬೇಕು. ಐಟಿಪಿಯಲ್ಲಿ ಆಗುವುದು ಬೇರೆ ಕಥೆ. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ, ರಕ್ತಸ್ರಾವ ನಿಲ್ಲಿಸುವ ನಮ್ಮದೇ ಪ್ಲೇಟ್‌ಲೆಟ್‌ಗಳ ಮೇಲೆ ಆ್ಯಂಟಿಬಾಡಿ ತಯಾರಿಸುತ್ತದೆ. ಆ ಆ್ಯಂಟಿಬಾಡಿ ಅಂಟಿಕೊಂಡ ಪ್ಲೇಟ್‌ಲೆಟ್‌ಗಳನ್ನು ಗುಲ್ಮ (ಸ್ಪ್ಲೀನ್) ಹಿಡಿದು ನಾಶ ಮಾಡುತ್ತದೆ. ಹಾಗಾದರೆ ನಾಶವಾಗುವುದು ಸಮಸ್ಯೆ ಆಗಿರುವಾಗ, ತಯಾರಿಸುವ ಹಾರ್ಮೋನಿನ ಕೆಲಸ ಮಾಡುವ ಮಾತ್ರೆ ಯಾಕೆ ಕೊಟ್ಟರು? ನೀವು ನೇರವಾಗಿ ಕೇಳದಿದ್ದರೂ ನಿಮ್ಮ ಪ್ರಶ್ನೆಯ ಒಳಗಿರುವುದು ಇದೇ. ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಂದೊಂದರ ಆಯಸ್ಸು 7ರಿಂದ 10 ದಿನ ಅಷ್ಟೇ. ಅಂದರೆ ಪ್ರತಿದಿನ ಸುಮಾರು 10,000 ಕೋಟಿ ಹೊಸದಾಗಿ ಬರಬೇಕು. ಇವನ್ನು ತಯಾರಿಸುವುದು ಮೂಳೆಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯ ಕೋಶಗಳು. ಮಜ್ಜೆಯ ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗ ಹೊಸ ವಿದ್ಯಾರ್ಥಿಯೂ ತಕ್ಷಣ ಗುರುತಿಸುವ ಕೋಶ ಇದೊಂದೇ. ಅಷ್ಟು ದೊಡ್ಡದು. ಕೋಶ ಒಡೆದು ಎರಡಾಗುವ ಬದಲು ಒಳಗಿನ ಡಿಎನ್‌ಎಯನ್ನಷ್ಟೇ ಮತ್ತೆ ಮತ್ತೆ ಇಮ್ಮಡಿ ಮಾಡಿಕೊಂಡು ಊದುತ್ತಾ ಹೋಗುತ್ತದೆ. ಪಕ್ವವಾದ ಮೇಲೆ ರಕ್ತನಾಳದೊಳಕ್ಕೆ ಉದ್ದನೆಯ ಎಳೆಗಳನ್ನು ಚಾಚುತ್ತದೆ. ಆ ಎಳೆಗಳು ತುಂಡಾಗಿ ಪ್ಲೇಟ್‌ಲೆಟ್‌ಗಳಾಗುತ್ತವೆ. ಒಂದು ಮೆಗಾಕ್ಯಾರಿಯೋಸೈಟ್‌ನಿಂದ ಸಾವಿರದಿಂದ ಮೂರು ಸಾವಿರದವರೆಗೆ.

ಈ ಕೋಶಗಳನ್ನು ಹುಟ್ಟಿಸಿ, ಬೆಳೆಸಿ, ಪಕ್ವ ಮಾಡುವ ಮುಖ್ಯ ಸಂದೇಶವೇ ಟಿಪಿಒ, ಪೂರ್ತಿ ಹೆಸರು ಥ್ರಾಂಬೊಪೊಯಿಟಿನ್. ಅದರ ಜೀನ್ ಟಿಎಚ್‌ಪಿಒ ನಮ್ಮ 3ನೇ ಕ್ರೋಮೋಸೋಮಿನ ಉದ್ದನೆಯ ತೋಳಿನಲ್ಲಿದೆ. ಜೀನಿನ ಪ್ರಕಾರ ಮೊದಲು 353 ಅಮೈನೋ ಆಮ್ಲಗಳ ಸರಪಳಿ ತಯಾರಾಗುತ್ತದೆ. ಕೋಶದಿಂದ ಹೊರಬರುವಾಗ ಮುಂಭಾಗದ 21 ಕತ್ತರಿಸಿ ಹೋಗಿ 332 ಉಳಿಯುತ್ತವೆ. ಅದರ ಮೊದಲ ಅರ್ಧ ಕೆಂಪು ರಕ್ತಕಣ ಬೆಳೆಸುವ ಎರಿತ್ರೊಪೊಯಿಟಿನ್ ಹಾರ್ಮೋನನ್ನು ತುಂಬಾ ಹೋಲುತ್ತದೆ. ಕೆಲಸ ಮಾಡುವುದು ಈ ಅರ್ಧವೇ. ಎರಡನೆಯ ಅರ್ಧದ ತುಂಬ ಸಕ್ಕರೆ ಸರಪಳಿಗಳು. ಅದು ಪ್ರೋಟೀನ್ ಸರಿಯಾಗಿ ಹೊರಬರಲು ಮತ್ತು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲು ಬೇಕು.

ಈ ಹಾರ್ಮೋನ್ ತಯಾರಾಗುವುದು ಮೂಳೆಮಜ್ಜೆಯಲ್ಲೇ ಇರಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಮುಖ್ಯವಾಗಿ ತಯಾರಾಗುವುದು ಲಿವರಿನಲ್ಲಿ. ಕಿಡ್ನಿಯಲ್ಲೂ ಮಜ್ಜೆಯಲ್ಲೂ ಸ್ವಲ್ಪ.

ಇನ್ನೊಂದು ಅಚ್ಚರಿ ಇದೆ, ನನಗೆ ಇಡೀ ವಿಷಯದಲ್ಲಿ ಇಷ್ಟವಾಗುವುದು ಅದೇ. ಪ್ಲೇಟ್‌ಲೆಟ್ ಕಡಿಮೆಯಾದರೆ ಲಿವರ್ ಗಾಬರಿಬಿದ್ದು ಟಿಪಿಒ ಜಾಸ್ತಿ ಮಾಡುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಎರಿತ್ರೊಪೊಯಿಟಿನ್ ವಿಷಯದಲ್ಲಿ ಹಾಗೇ ನಡೆಯುತ್ತದೆ. ಆಮ್ಲಜನಕ ಕಡಿಮೆ ಎಂದು ಕಿಡ್ನಿಗೆ ತಿಳಿದರೆ ಜೀನ್ ಚುರುಕಾಗುತ್ತದೆ. ಟಿಪಿಒ ಲೆಕ್ಕ ಹಾಗಲ್ಲ. ಲಿವರ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಯಾರಿಸುತ್ತಲೇ ಇರುತ್ತದೆ. ರಕ್ತದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಪ್ಲೇಟ್‌ಲೆಟ್‌ಗಳೇ. ಅವುಗಳ ಮೈಮೇಲೆ ಎಂಪಿಎಲ್ ಎಂಬ ಗ್ರಾಹಕ (ರಿಸೆಪ್ಟರ್, ಅಂದರೆ ಹಾರ್ಮೋನ್ ಬಂದು ಕೂರುವ ಪ್ರೋಟೀನ್) ಇದೆ. ಅದು ಟಿಪಿಒವನ್ನು ಹಿಡಿದು ಒಳಗೆಳೆದುಕೊಂಡು ಕರಗಿಸಿಬಿಡುತ್ತದೆ. ದೇವಸ್ಥಾನದ ಅನ್ನಸಂತರ್ಪಣೆಯಲ್ಲಿ ಪ್ರತಿದಿನ ಅಷ್ಟೇ ಅಕ್ಕಿ ಬೇಯಿಸುತ್ತಾರೆ ಎಂದುಕೊಳ್ಳಿ. ಉಣ್ಣುವವರು ಕಡಿಮೆ ಬಂದ ದಿನ ಹಂಡೆಯಲ್ಲಿ ಅನ್ನ ಜಾಸ್ತಿ ಉಳಿಯುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಟಿಪಿಒ ಹೀಗೇ ಉಳಿಯುತ್ತದೆ. ಉಳಿದದ್ದು ಮಜ್ಜೆಗೆ ಹೋಗಿ ಅಲ್ಲಿನ ಮೆಗಾಕ್ಯಾರಿಯೋಸೈಟ್‌ಗಳನ್ನು ಬೆಳೆಸುತ್ತದೆ. ಪ್ಲೇಟ್‌ಲೆಟ್ ಜಾಸ್ತಿಯಾದರೆ ಅವೇ ಎಲ್ಲವನ್ನೂ ಮುಗಿಸುತ್ತವೆ, ಮಜ್ಜೆಗೆ ಹೋಗುವುದು ಕಡಿಮೆಯಾಗುತ್ತದೆ.

ಇದಕ್ಕೆ ಒಂದೆರಡು ತಿದ್ದುಪಡಿಗಳೂ ಸೇರಿವೆ. ದೇಹದಲ್ಲಿ ಉರಿಯೂತ ಇದ್ದರೆ ಐಎಲ್-6 ಎಂಬ ಸಂದೇಶ ಲಿವರಿಗೆ ತಲುಪಿ ಟಿಪಿಒ ಜೀನನ್ನು ಚುರುಕು ಮಾಡುತ್ತದೆ. ದೊಡ್ಡ ಸೋಂಕು, ಕ್ಷಯ, ಸಂಧಿವಾತ ಇರುವವರ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಐದು–ಆರು ಲಕ್ಷ ಬರುವುದಕ್ಕೆ ಇದೂ ಒಂದು ಕಾರಣ. 2015ರಲ್ಲಿ ಇನ್ನೊಂದು ದಾರಿ ಗೊತ್ತಾಯಿತು. ವಯಸ್ಸಾದ ಪ್ಲೇಟ್‌ಲೆಟ್‌ಗಳ ಮೈಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಉದುರಿಹೋಗುತ್ತದೆ. ಲಿವರ್ ಕೋಶಗಳ ಆ್ಯಶ್‌ವೆಲ್–ಮೊರೆಲ್ ಗ್ರಾಹಕ ಅಂಥವನ್ನು ಗುರುತಿಸಿ ತೆಗೆದುಹಾಕುತ್ತದೆ, ತೆಗೆಯುವಾಗಲೇ ಟಿಪಿಒ ಜೀನಿಗೂ ಸಂದೇಶ ಕಳಿಸುತ್ತದೆ. ಹಾಗಾಗಿ ಲಿವರ್ ಪೂರಾ ಕುರುಡು ಅಡುಗೆಯವನಲ್ಲ. ಆದರೂ ಮೂಲ ಲೆಕ್ಕ ಮೊದಲು ಹೇಳಿದ್ದೇ.

ಈ ಲೆಕ್ಕವೇ ಟಿಪಿಒ ಪತ್ತೆಗೂ ದಾರಿ ಮಾಡಿಕೊಟ್ಟಿತು. 1958ರಲ್ಲೇ ಹಂಗೆರಿಯ ಎಂಡ್ರೆ ಕೆಲೆಮೆನ್ ಮತ್ತು ಸಂಗಡಿಗರು ಇಂಥದ್ದೊಂದು ವಸ್ತು ಇರಬೇಕೆಂದು ಹೇಳಿ ಹೆಸರೂ ಇಟ್ಟಿದ್ದರು. ಆದರೆ ಮೂವತ್ತು ವರ್ಷ ಕಳೆದರೂ ಅದು ಯಾರ ಕೈಗೂ ಸಿಗಲಿಲ್ಲ. ರಕ್ತದಲ್ಲಿ ಅಷ್ಟು ಕಡಿಮೆ ಇರುತ್ತದೆ. ಅಂಥ ವಸ್ತುವೇ ಇಲ್ಲವೇನೋ ಎಂದು ಕೆಲವರು ಅನುಮಾನಿಸತೊಡಗಿದ್ದರು. ಸುಳಿವು ಬಂದದ್ದು ಎಲ್ಲಿಂದಲೋ. 1986ರಲ್ಲಿ ಫ್ರಾನ್ಸಿನಲ್ಲಿ ಇಲಿಗಳಿಗೆ ಒಂದು ಬಗೆಯ ರಕ್ತಕ್ಯಾನ್ಸರ್ ತರುವ ವೈರಸ್ ಸಿಕ್ಕಿತು. ಅದರಲ್ಲಿದ್ದ ಕ್ಯಾನ್ಸರ್ ಜೀನಿನ ಮೂಲರೂಪ ಮನುಷ್ಯರಲ್ಲೂ ಇದೆ ಎಂದು 1992ರಲ್ಲಿ ತೋರಿಸಿದರು. ಅದೇ ಎಂಪಿಎಲ್. ನೋಡಲು ಗ್ರಾಹಕದ ಹಾಗೇ ಇದೆ, ಆದರೆ ಅದಕ್ಕೆ ಬಂದು ಕೂರುವುದು ಯಾವುದು ಎಂದು ಗೊತ್ತಿಲ್ಲ. ಮರುವರ್ಷ ಆ ಜೀನಿನ ಬಾಯಿ ಮುಚ್ಚಿಸಿದಾಗ ಮಜ್ಜೆಯ ಕೋಶಗಳಿಂದ ಮೆಗಾಕ್ಯಾರಿಯೋಸೈಟ್ ಬೆಳೆಯುವುದು ಮಾತ್ರ ನಿಂತಿತು. ಆಮೇಲೆ ಶುರುವಾಯಿತು ಪೈಪೋಟಿ.

ಜೆನೆನ್‌ಟೆಕ್ ಕಂಪನಿಯವರು ಹಂದಿಗಳಿಗೆ ವಿಕಿರಣ ಕೊಟ್ಟು ಮಜ್ಜೆ ಒಣಗಿಸಿದರು. ಆಮ್‌ಜೆನ್‌ನವರು ನಾಯಿಗಳಲ್ಲಿ, ಜಪಾನಿನ ಕಿರಿನ್ ಕಂಪನಿಯವರು ಇಲಿಗಳಲ್ಲಿ ಅದೇ ಕೆಲಸ ಮಾಡಿದರು. ಯಾಕೆ ಗೊತ್ತಾ? ಪ್ಲೇಟ್‌ಲೆಟ್‌ಗಳೇ ಇಲ್ಲದಿದ್ದರೆ ಟಿಪಿಒವನ್ನು ಹೀರುವವರು ಇರುವುದಿಲ್ಲ. ಪ್ಲಾಸ್ಮಾದಲ್ಲಿ ಅದು ಶೇಖರವಾಗುತ್ತದೆ, ಬೇರ್ಪಡಿಸುವುದು ಸಾಧ್ಯವಾಗುತ್ತದೆ. ಜೈಮೋಜೆನೆಟಿಕ್ಸ್ ಕಂಪನಿಯವರು ಅಮೆರಿಕದ ರಕ್ತತಜ್ಞ ಕೆನೆತ್ ಕೌಶಾನ್ಸ್ಕಿ ಜೊತೆ ಸೇರಿ ಬೇರೆ ಉಪಾಯ ಹೂಡಿದರು. ಎಂಪಿಎಲ್ ಗ್ರಾಹಕ ಹಾಕಿದ ಕೋಶಗಳನ್ನು ರಾಸಾಯನಿಕದಿಂದ ಬದಲಾಯಿಸಿ, ಬೆಳವಣಿಗೆಯ ಪದಾರ್ಥ ಏನೂ ಕೊಡದೆ ಬಿಟ್ಟರು. ಬಹುಪಾಲು ಸತ್ತವು. ಬದುಕಿದ್ದರಲ್ಲಿ ಒಂದು ತನಗೆ ಬೇಕಾದ ಟಿಪಿಒವನ್ನು ತಾನೇ ತಯಾರಿಸಿಕೊಳ್ಳುತ್ತಿತ್ತು. ಅದರಿಂದಲೇ ಜೀನ್ ಹಿಡಿದರು. 1994ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಇವರೆಲ್ಲರ ಫಲಿತಾಂಶ ಹೊರಬಂತು. ಆಮೇಲೆ ಇಲಿಗಳಲ್ಲಿ ಈ ಜೀನನ್ನು ತೆಗೆದು ನೋಡಿದಾಗ ಪ್ಲೇಟ್‌ಲೆಟ್‌ಗಳು ಸುಮಾರು ಶೇ 85ರಷ್ಟು ಕುಸಿದವು. ಪೂರ್ತಿ ಸೊನ್ನೆ ಆಗಲಿಲ್ಲ ಎಂಬುದನ್ನೂ ಗಮನಿಸಿ.

ಈಗ ನಿಮ್ಮ ತಂಗಿಯ ವಿಷಯ. ಅವಳ ಪ್ಲೇಟ್‌ಲೆಟ್ 11,000 ಇತ್ತು. ಮೇಲಿನ ಲೆಕ್ಕದ ಪ್ರಕಾರ ಟಿಪಿಒ ಆಕಾಶಕ್ಕೇರಿರಬೇಕು ಅಲ್ವಾ? ಏರುವುದಿಲ್ಲ. ಐಟಿಪಿಯಲ್ಲಿ ಟಿಪಿಒ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ, ಇಲ್ಲವೇ ಸ್ವಲ್ಪ ಹೆಚ್ಚು. ಮಜ್ಜೆಯೇ ಒಣಗುವ ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಾತ್ರ ಅದು ಹತ್ತಾರು ಪಟ್ಟು ಏರುತ್ತದೆ. ಎರಡು ಕಡೆಯೂ ಪ್ಲೇಟ್‌ಲೆಟ್ ಎಣಿಕೆ ಒಂದೇ ಇದ್ದರೂ ಹೀಗೆ. ಕಾರಣ, ಐಟಿಪಿಯಲ್ಲಿ ಪ್ಲೇಟ್‌ಲೆಟ್‌ಗಳು ಹುಟ್ಟುತ್ತಲೇ ಇರುತ್ತವೆ, ಬೇಗ ಸಾಯುತ್ತವೆ ಅಷ್ಟೇ. ಸಾಯುವ ಮುಂಚೆ ಒಂದೊಂದೂ ತನ್ನ ಪಾಲಿನ ಟಿಪಿಒ ತೆಗೆದುಕೊಂಡೇ ಹೋಗುತ್ತದೆ. ಮಜ್ಜೆಯ ತುಂಬ ಇರುವ ಮೆಗಾಕ್ಯಾರಿಯೋಸೈಟ್‌ಗಳೂ ಹೀರುತ್ತವೆ. ಒಂದು ಕ್ಷಣದಲ್ಲಿ ರಕ್ತದಲ್ಲಿ ಕಾಣುವ ಸಂಖ್ಯೆ ಕಡಿಮೆ ಇದ್ದರೂ ದಿನವಿಡೀ ಬಂದು ಹೋದವು ಬಹಳ. ಹೀಗಾಗಿ ದೇಹಕ್ಕೆ ಕೊರತೆ ಸರಿಯಾಗಿ ತಿಳಿಯುವುದೇ ಇಲ್ಲ. ಮಜ್ಜೆ ಇನ್ನೂ ದುಡಿಯಬಲ್ಲದು, ಆದರೆ ಅದಕ್ಕೆ ಸಿಗುತ್ತಿರುವ ಹುರಿದುಂಬಿಸುವ ಸಂದೇಶ ಸಾಲದು. ಜೊತೆಗೆ ಅದೇ ಆ್ಯಂಟಿಬಾಡಿಗಳು ಕೆಲವರಲ್ಲಿ ಮೆಗಾಕ್ಯಾರಿಯೋಸೈಟ್‌ಗಳನ್ನೂ ಕುಗ್ಗಿಸುತ್ತವೆ. ಹಾಗಾಗಿ ನಾಶ ನಿಲ್ಲದಿದ್ದರೂ ಉತ್ಪಾದನೆಯನ್ನು ಅದಕ್ಕಿಂತ ಮುಂದೆ ಓಡಿಸಬಹುದು. ಎಲ್ಟ್ರೊಂಬೊಪ್ಯಾಗ್ ಕೊಟ್ಟಿರುವುದು ಇದಕ್ಕೆ. ‘ಐಟಿಪಿಗೆ ಟಿಪಿಒ ಪರೀಕ್ಷೆ ಮಾಡಿಸಿ’ ಎಂದು ಯಾರಾದರೂ ದುಬಾರಿ ಟೆಸ್ಟ್ ಬರೆದರೆ ಯಾಕೆ ಎಂದು ಕೇಳಿ. ಮಜ್ಜೆಯ ಕಾಯಿಲೆಯೇ ಇರಬಹುದೇ ಎಂಬ ಅನುಮಾನ ಇದ್ದಾಗ ಅದರಿಂದ ಪ್ರಯೋಜನ ಉಂಟು. ನಿಮ್ಮಂಥ ಸಂದರ್ಭದಲ್ಲಿ ಸುಮ್ನೆ ಖರ್ಚು.

ಹಾರ್ಮೋನನ್ನೇ ಯಾಕೆ ಕೊಡುವುದಿಲ್ಲ ಎಂದು ಕೇಳಿದ್ದೀರಿ. ಕೊಟ್ಟು ನೋಡಿದ್ದಾರೆ, ಕೈ ಸುಟ್ಟುಕೊಂಡಿದ್ದಾರೆ. 1990ರ ದಶಕದಲ್ಲಿ ಟಿಪಿಒದ ಕೆಲಸ ಮಾಡುವ ಅರ್ಧ ಭಾಗವನ್ನಷ್ಟೇ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಬಾಳಿಕೆಗೆ ಪಾಲಿಎಥಿಲೀನ್ ಗ್ಲೈಕಾಲ್ ಅಂಟಿಸಿ ಇಂಜೆಕ್ಷನ್ ಮಾಡಿದರು. ಪ್ಲೇಟ್‌ಲೆಟ್ ದಾನಿಗಳಿಗೆ ಇದನ್ನು ಕೊಟ್ಟರೆ ಒಬ್ಬರಿಂದಲೇ ಹೆಚ್ಚು ಸಂಗ್ರಹಿಸಬಹುದು ಎಂಬ ಆಸೆಯಿಂದ ಆರೋಗ್ಯವಂತ ಸ್ವಯಂಸೇವಕರಲ್ಲಿ ಪ್ರಯೋಗ ನಡೆಯಿತು. ಅವರಲ್ಲಿ 325 ಜನರ ಪೈಕಿ 13 ಮಂದಿಗೆ ಪ್ಲೇಟ್‌ಲೆಟ್ ಏರುವ ಬದಲು ಇಳಿದುಹೋಯಿತು. ಅವರ ದೇಹ ಈ ಔಷಧಿಯ ವಿರುದ್ಧ ಆ್ಯಂಟಿಬಾಡಿ ತಯಾರಿಸಿತ್ತು. ಔಷಧಿ ಅವರ ಸ್ವಂತ ಟಿಪಿಒವನ್ನೇ ಹೋಲುತ್ತಿದ್ದರಿಂದ ಆ ಆ್ಯಂಟಿಬಾಡಿ ಅದನ್ನೂ ಕಟ್ಟಿಹಾಕಿತು. ಒಂದು ಕಾಯಿಲೆಯೂ ಇಲ್ಲದವರಿಗೆ ಔಷಧಿಯೇ ಕಾಯಿಲೆ ತಂದಿತು. 1998ರಲ್ಲಿ ಆ ಔಷಧಿಯ ಕೆಲಸ ನಿಲ್ಲಿಸಿದರು. ಚೀನಾದಲ್ಲಿ ಪೂರ್ತಿ ಉದ್ದದ, ಸಸ್ತನಿ ಕೋಶಗಳಲ್ಲಿ ತಯಾರಿಸಿದ ಟಿಪಿಒ ಇಂದಿಗೂ ಬಳಕೆಯಲ್ಲಿದೆ. ಬೇರೆ ಕಡೆ ಆ ದಾರಿಯನ್ನು ಬಿಟ್ಟರು.

ಬಿಟ್ಟು ಏನು ಮಾಡಿದರು ಎಂಬುದು ಜಾಣತನದ ಕೆಲಸ. ಟಿಪಿಒವನ್ನು ಒಂದಿಷ್ಟೂ ಹೋಲಬಾರದು, ಆದರೆ ಅದೇ ಗ್ರಾಹಕವನ್ನು ಎಬ್ಬಿಸಬೇಕು. ಹೋಲಿಕೆ ಇಲ್ಲದಿದ್ದರೆ ಆ್ಯಂಟಿಬಾಡಿ ಬಂದರೂ ಸ್ವಂತ ಹಾರ್ಮೋನಿಗೆ ತೊಂದರೆ ಇಲ್ಲ. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೋಮಿಪ್ಲೋಸ್ಟಿಮ್ ಇಂಥದ್ದು. ವಾರಕ್ಕೊಮ್ಮೆ ಚರ್ಮದಡಿ ಕೊಡುವ ಇಂಜೆಕ್ಷನ್. ಟಿಪಿಒಗೆ ಸಂಬಂಧವೇ ಇಲ್ಲದ 14 ಅಮೈನೋ ಆಮ್ಲಗಳ ಪುಟ್ಟ ತುಣುಕನ್ನು ನಾಲ್ಕು ಸಲ ಆ್ಯಂಟಿಬಾಡಿಯ ಬಾಲಕ್ಕೆ ಜೋಡಿಸಿದ್ದಾರೆ. ಅದೇ ವರ್ಷ ನಿಮ್ಮ ತಂಗಿ ತೆಗೆದುಕೊಳ್ಳುತ್ತಿರುವ ಎಲ್ಟ್ರೊಂಬೊಪ್ಯಾಗ್‌ಗೂ ಒಪ್ಪಿಗೆ ಸಿಕ್ಕಿತು. ಇದು ಪ್ರೋಟೀನೇ ಅಲ್ಲ, ಸಣ್ಣ ರಾಸಾಯನಿಕ. ಹಾಗಾಗಿ ಮಾತ್ರೆಯಾಗಿ ನುಂಗಬಹುದು. ಟಿಪಿಒ ಗ್ರಾಹಕದ ಹೊರಭಾಗಕ್ಕೆ ಬಂದು ಕೂತರೆ ಇದು ಕೋಶದ ಪೊರೆಯೊಳಗೆ ಹಾದುಹೋಗುವ ಭಾಗಕ್ಕೆ ಅಂಟುತ್ತದೆ. ಇಬ್ಬರಿಗೂ ಜಾಗದ ಜಗಳ ಇಲ್ಲ. ಅದು ಅಂಟಲು ಗ್ರಾಹಕದ 499ನೇ ಸ್ಥಾನದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಬೇಕು. ಅದು ಇರುವುದು ಮನುಷ್ಯರಲ್ಲಿ ಮತ್ತು ಚಿಂಪಾಂಜಿಗಳಲ್ಲಿ. ಇಲಿಗೆ ಎಷ್ಟು ಕೊಟ್ಟರೂ ಅದರ ಪ್ಲೇಟ್‌ಲೆಟ್ ಏರುವುದಿಲ್ಲ!

ಹಾಗಾದರೆ ಟಿಎಚ್‌ಪಿಒ ಜೀನ್ ನಿಜವಾಗಿ ಕೆಟ್ಟವರು ಇದ್ದಾರೆಯೇ? ಇದ್ದಾರೆ, ಬಹಳ ವಿರಳ. ಅವರ ಕಥೆ ಕೇಳಿದರೆ ನಿಮ್ಮ ತಂಗಿಗೂ ಅವರಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಮಗುವಿಗೆ ಹುಟ್ಟಿನಿಂದಲೇ ಪ್ಲೇಟ್‌ಲೆಟ್ ತೀರಾ ಕಡಿಮೆ. ಮಜ್ಜೆಯಲ್ಲಿ ಹುಡುಕಿದರೂ ಮೆಗಾಕ್ಯಾರಿಯೋಸೈಟ್ ಸಿಗುವುದಿಲ್ಲ. ವರ್ಷಗಳು ಕಳೆದಂತೆ ಕೆಂಪು, ಬಿಳಿ ಕಣಗಳೂ ಇಳಿಯುತ್ತವೆ. ಯಾಕೆಂದರೆ ಟಿಪಿಒ ಬರೀ ಪ್ಲೇಟ್‌ಲೆಟ್ ಹಾರ್ಮೋನ್ ಅಲ್ಲ. ಎಲ್ಲ ರಕ್ತಕಣಗಳ ತಾಯಿಯಾದ ಆಕರಕೋಶಗಳ ಮೇಲೂ ಎಂಪಿಎಲ್ ಗ್ರಾಹಕ ಇದೆ. ಅವು ಉಳಿಯಲೂ ಟಿಪಿಒ ಬೇಕು. ಗ್ರಾಹಕದ ಜೀನ್ ಕೆಟ್ಟಾಗಲೂ ಹೊರಗೆ ಕಾಣುವುದು ಇದೇ ಚಿತ್ರ, ಮತ್ತು ಅದೇ ಹೆಚ್ಚು ಸಾಮಾನ್ಯ.

ಆದರೆ ಚಿಕಿತ್ಸೆ ಪೂರ್ತಿ ಬೇರೆ. ಗ್ರಾಹಕ ಕೆಟ್ಟ ಮಗುವಿಗೆ ಮೂಳೆಮಜ್ಜೆ ಕಸಿ ಮಾಡಿದರೆ ಗುಣವಾಗುತ್ತದೆ, ಹೊಸ ಕೋಶಗಳಲ್ಲಿ ಒಳ್ಳೆಯ ಗ್ರಾಹಕ ಇರುತ್ತದೆ. ಟಿಎಚ್‌ಪಿಒ ಕೆಟ್ಟ ಮಗುವಿಗೆ ಕಸಿ ಮಾಡಿದರೆ? ಹೊಸ ಮಜ್ಜೆ ಬರುತ್ತದೆ, ಆದರೆ ಹಾರ್ಮೋನ್ ತಯಾರಿಸುವ ಲಿವರ್ ಹಳೆಯದೇ ಅಲ್ವಾ. ಹೊಸ ಕೋಶಗಳೂ ಸೊರಗುತ್ತವೆ. ಕಾರಣ ಗೊತ್ತಿಲ್ಲದೆ ಕಸಿ ಮಾಡಿ ವಿಫಲವಾದ ಮಕ್ಕಳ ವರದಿ 2017ರಲ್ಲಿ ಬಂತು. ಅಂಥವರಿಗೆ ವಾರಕ್ಕೊಂದು ರೋಮಿಪ್ಲೋಸ್ಟಿಮ್ ಇಂಜೆಕ್ಷನ್ ಸಾಕು, ಮೂರೂ ಬಗೆಯ ಕಣಗಳು ಚೇತರಿಸಿಕೊಳ್ಳುತ್ತವೆ. ಜೀನ್ ಪರೀಕ್ಷೆ ಒಂದು ಮಗುವನ್ನು ಅಪಾಯದ ಕಸಿಯಿಂದ ತಪ್ಪಿಸಬಲ್ಲ ಸಂದರ್ಭ ಇದು. ಇಲ್ಲಿ ಅದಕ್ಕೆ ಎಷ್ಟು ದುಡ್ಡಾದರೂ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಒಂದೇ ಪ್ರತಿ ಕೆಟ್ಟವರಿಗೆ ಪ್ಲೇಟ್‌ಲೆಟ್ ತುಸು ಕಡಿಮೆ ಇರುತ್ತದೆ, ಅಷ್ಟೇ.

ಇನ್ನೊಂದು ತುದಿಯೂ ಇದೆ. ಈ ಜೀನಿಗೆ ಹುಟ್ಟಿನಿಂದಲೇ ಒಂದು ಬ್ರೇಕ್ ಇದೆ. ಜೀನಿನ ಸಂದೇಶ ಓದುವ ಯಂತ್ರ ‘ಇಲ್ಲಿಂದ ಶುರು’ ಎಂಬ ಗುರುತು ಹುಡುಕುತ್ತದೆ. ಟಿಪಿಒ ಸಂದೇಶದಲ್ಲಿ ನಿಜವಾದ ಗುರುತು ಎಂಟನೆಯದು. ಅದಕ್ಕಿಂತ ಮುಂಚೆ ಏಳು ಸುಳ್ಳು ಗುರುತುಗಳು ಸಿಗುತ್ತವೆ. ಯಂತ್ರ ಅಲ್ಲೇ ಎಡವಿ ಹೆಚ್ಚಿನ ಸಲ ಟಿಪಿಒವರೆಗೆ ಬರುವುದೇ ಇಲ್ಲ. ಇದರಿಂದಾಗಿ ಹಾರ್ಮೋನ್ ಹದದಲ್ಲಿರುತ್ತದೆ. 1998ರಲ್ಲಿ ನೆದರ್ಲೆಂಡ್ಸ್‌ನ ಒಂದು ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಪ್ಲೇಟ್‌ಲೆಟ್ ವಿಪರೀತ ಇರುವುದರ ಕಾರಣ ಪತ್ತೆಯಾಯಿತು. ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಸಂದೇಶದಿಂದ ಸುಳ್ಳು ಗುರುತುಗಳಿದ್ದ ತುಂಡು ಹಾರಿಹೋಗಿತ್ತು. ಪ್ರೋಟೀನ್ ಅದೇ, ಬ್ರೇಕ್ ಮಾತ್ರ ಇಲ್ಲ. ಟಿಪಿಒ ಧಾರಾಳವಾಗಿ ತಯಾರಾಗುತ್ತಿತ್ತು. ಆಮೇಲೆ ಜಪಾನಿನಲ್ಲೂ ಪೋಲೆಂಡಿನಲ್ಲೂ ಇಂಥ ಕುಟುಂಬಗಳು ಸಿಕ್ಕವು. ಪ್ಲೇಟ್‌ಲೆಟ್ ಹತ್ತು ಲಕ್ಷ ದಾಟಿದ ನಮ್ಮ ಹೆಚ್ಚಿನ ರೋಗಿಗಳಲ್ಲಿ ಮಾತ್ರ ದೋಷ ಈ ಜೀನಿನಲ್ಲಲ್ಲ. ಜ್ಯಾಕ್2, ಕ್ಯಾಲ್‌ಆರ್ ಅಥವಾ ಎಂಪಿಎಲ್ ಜೀನುಗಳಲ್ಲಿ ಆಮೇಲೆ ಬಂದ ಬದಲಾವಣೆ ಇರುತ್ತದೆ. ಮೂರರ ಕೆಲಸವೂ ಕೊನೆಗೆ ಅದೇ ಗ್ರಾಹಕ ಸದಾ ಎದ್ದಿರುವಂತೆ ಮಾಡುವುದು.

ನಿಮ್ಮ ತಂಗಿಗೆ ಜೀನ್ ಪರೀಕ್ಷೆ ಬೇಡ ಎಂದು ಹೇಳುವ ಮೊದಲು ಕೆಲವು ವಿಷಯ ಖಚಿತಪಡಿಸಿಕೊಳ್ಳಿ. ಕಾಯಿಲೆ ಶುರುವಾಗುವ ಮೊದಲಿನ ಯಾವುದಾದರೂ ಹಳೆಯ ರಕ್ತಪರೀಕ್ಷೆ ಇದೆಯೇ ನೋಡಿ. ಅದರಲ್ಲಿ ಪ್ಲೇಟ್‌ಲೆಟ್ ಎರಡು ಲಕ್ಷ ಇದ್ದರೆ ಹುಟ್ಟಿನಿಂದ ಬಂದದ್ದಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು. ಸ್ಟೀರಾಯ್ಡಿಗೆ ಏರಿತು ಎಂದಿದ್ದೀರಿ, ಅದೂ ಐಟಿಪಿ ಕಡೆಗೇ ಬೊಟ್ಟು ಮಾಡುತ್ತದೆ. ಜೀನಿನ ದೋಷಗಳು ಸ್ಟೀರಾಯ್ಡಿಗೆ ಜಗ್ಗುವುದಿಲ್ಲ. ಬದಲಿಗೆ ಮನೆಯಲ್ಲಿ ಇನ್ನಿಬ್ಬರಿಗೆ ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ಚಿಕ್ಕಂದಿನಿಂದ ಹೀಗೇ ಇದ್ದರೆ, ಜೊತೆಗೆ ಕಿವಿ ಮಂದ ಅಥವಾ ಕಿಡ್ನಿ ತೊಂದರೆ ಇದ್ದರೆ, ಮನೆಯಲ್ಲಿ ರಕ್ತಕ್ಯಾನ್ಸರ್ ಬಂದವರಿದ್ದರೆ ಮಾತು ಬೇರೆ. ಎಂವೈಎಚ್9, ಆ್ಯಂಕ್‌ಆರ್‌ಡಿ26, ರನ್‌ಎಕ್ಸ್1 ಮೊದಲಾದ ಜೀನುಗಳ ದೋಷಗಳನ್ನು ಐಟಿಪಿ ಎಂದುಕೊಂಡು ವರ್ಷಗಟ್ಟಲೆ ಸ್ಟೀರಾಯ್ಡ್ ಕೊಟ್ಟದ್ದುಂಟು, ಗುಲ್ಮವನ್ನೇ ತೆಗೆದದ್ದೂ ಉಂಟು. ನಮ್ಮ ಕಡೆ ಸೋದರಮಾವ–ಸೊಸೆ, ಅತ್ತೆಮಗ–ಮಾವನಮಗಳ ಮದುವೆ ಇನ್ನೂ ಇದೆ. ಎರಡೂ ಪ್ರತಿ ಕೆಡಬೇಕಾದ ವಿರಳ ಕಾಯಿಲೆಗಳಿಗೆ ಅಂಥ ಮನೆಗಳಲ್ಲಿ ಅವಕಾಶ ಹೆಚ್ಚು. ಹಾಗಾಗಿ ತಂದೆತಾಯಿ ಹತ್ತಿರದ ಸಂಬಂಧಿಗಳೇ ಎಂದು ನಾವು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಸ್ಲೈಡನ್ನು ಕಣ್ಣಿನಿಂದ ನೋಡಿದ್ದಾರೆಯೇ ಎಂದೂ ಕೇಳಿ. ಮೆಷಿನ್ ಎಷ್ಟೋ ಸಲ ಮೋಸಹೋಗುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗುಂಪಾಗಿ ಅಂಟಿಸಿಬಿಡುತ್ತದೆ. ಮೆಷಿನ್ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 30,000 ಎಂದು ಮುದ್ರಿಸುತ್ತದೆ. ಬಂಗಾಳದ ಕಡೆಯ ಬಹಳಷ್ಟು ಜನರಲ್ಲಿ ಪ್ಲೇಟ್‌ಲೆಟ್‌ಗಳು ದೊಡ್ಡವು, ಎಣಿಕೆ ಕಡಿಮೆ, ತೊಂದರೆ ಏನೂ ಇಲ್ಲ. ಇದಕ್ಕೆ ಹ್ಯಾರಿಸ್ ಸಿಂಡ್ರೋಮ್ ಎನ್ನುತ್ತಾರೆ. ನಿಮ್ಮ ತಂಗಿಗೆ ಒಸಡಿನಿಂದ ರಕ್ತ ಬರುತ್ತಿತ್ತು, ಹಾಗಾಗಿ ಅವಳದ್ದು ನಿಜವಾದ ಕೊರತೆಯೇ. ಓದುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಬರೆದೆ.

ಇನ್ನು ಪಪ್ಪಾಯ ಎಲೆ. ಡೆಂಗಿ ಬಂದ ಪ್ರತಿ ಮಳೆಗಾಲದಲ್ಲೂ ಇದರ ಮಾತು ಏಳುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬೀಳುವುದೂ ನಿಜ, ಜ್ವರ ಬಿಟ್ಟ ಕೆಲವು ದಿನಗಳಲ್ಲಿ ತಾನಾಗಿ ಏರುವುದೂ ನಿಜ. ಏರುವ ಹೊತ್ತಿಗೆ ಕುಡಿದದ್ದಕ್ಕೆಲ್ಲ ಹೆಸರು ಬರುತ್ತದೆ. ಎಲೆಯ ಸಾರದ ಮೇಲೆ ಭಾರತದಲ್ಲೂ ಹೊರಗೂ ಸಣ್ಣಪುಟ್ಟ ಪ್ರಯೋಗಗಳು ನಡೆದಿವೆ. ಎಣಿಕೆ ಸ್ವಲ್ಪ ಬೇಗ ಏರಿತು ಎಂದು ಕೆಲವು ಹೇಳುತ್ತವೆ. ಆದರೆ ರೋಗಿಗೆ ಬೇಕಾದ್ದು ಎಣಿಕೆ ಅಲ್ಲ, ರಕ್ತಸ್ರಾವ ಆಗದಿರುವುದು, ಜೀವ ಉಳಿಯುವುದು. ಅದನ್ನು ತೋರಿಸಿಲ್ಲ. ಎಣಿಕೆಯ ಹಿಂದೆ ಓಡುವುದು ಎಷ್ಟು ನಿರರ್ಥಕ ಎಂಬುದಕ್ಕೆ ಸಿಂಗಪುರ ಮತ್ತು ಮಲೇಷ್ಯಾದ ಪ್ರಯೋಗವೊಂದಿದೆ, 2017ರಲ್ಲಿ ಪ್ರಕಟವಾಯಿತು. ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕಡಿಮೆ ಇದ್ದ, ದೊಡ್ಡ ರಕ್ತಸ್ರಾವ ಇಲ್ಲದ ಡೆಂಗಿ ರೋಗಿಗಳಲ್ಲಿ ಅರ್ಧ ಜನಕ್ಕೆ ಮುಂಜಾಗ್ರತೆಗೆಂದು ದಾನಿಗಳ ಪ್ಲೇಟ್‌ಲೆಟ್ ಏರಿಸಿದರು. ಏರಿಸದವರಿಗಿಂತ ಅವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಟಿಪಿಒ ಬಗೆಯ ಔಷಧಿಯನ್ನೂ ಡೆಂಗಿಗೆ ವಾಡಿಕೆಯಾಗಿ ಕೊಡುವುದಿಲ್ಲ. ಸಂದೇಶ ತಲುಪಿ ಮೆಗಾಕ್ಯಾರಿಯೋಸೈಟ್ ಪಕ್ವವಾಗಿ ಪ್ಲೇಟ್‌ಲೆಟ್ ಉದುರಿಸಲು ಐದು ದಿನವಾದರೂ ಬೇಕು. ಅಷ್ಟರಲ್ಲಿ ಡೆಂಗಿ ರೋಗಿ ತಾನೇ ಚೇತರಿಸಿಕೊಂಡಿರುತ್ತಾನೆ. ಐಟಿಪಿಯಂತೂ ವಾರದಲ್ಲಿ ಬಿಟ್ಟುಹೋಗುವ ಕಾಯಿಲೆಯಲ್ಲ. ನಿಮ್ಮ ತಂಗಿಗೆ ಪಪ್ಪಾಯ ಎಲೆ ಬೇಡ. ಅವಳ ಮಾತ್ರೆ ಲಿವರಿಗೆ ತೊಂದರೆ ಕೊಡಬಹುದಾದ್ದರಿಂದ ಅದರ ಜೊತೆ ಪ್ರಮಾಣವಿಲ್ಲದ ಕಷಾಯ ಸೇರಿಸಿದರೆ, ಲಿವರ್ ಪರೀಕ್ಷೆ ಕೆಟ್ಟಾಗ ಯಾವುದರಿಂದ ಎಂದು ಹೇಳುವುದು ನಮಗೂ ಕಷ್ಟ.

ಅದರ ಬದಲು ಇನ್ನೊಂದರ ಮೇಲೆ ಗಮನ ಕೊಡಿ. ಎಲ್ಟ್ರೊಂಬೊಪ್ಯಾಗ್ ಕೆಲಸ ಮಾಡುತ್ತಿಲ್ಲ ಎಂದು ಬರುವವರನ್ನು ನಾನು ಮೊದಲು ಕೇಳುವುದು ‘ಬೆಳಿಗ್ಗೆ ಏನು ತಿಂತೀರಿ’ ಎಂದು. ಕ್ಯಾಲ್ಸಿಯಂ, ಕಬ್ಬಿಣ, ಆಸಿಡಿಟಿಗೆ ತೆಗೆದುಕೊಳ್ಳುವ ಆ್ಯಂಟಾಸಿಡ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ, ಎಲ್ಲವೂ ಈ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ. ಹಾಲು, ಮೊಸರು, ಮಜ್ಜಿಗೆ ಬೇಡ ಎಂದು ಹೇಳಿರುತ್ತಾರೆ. ರಾಗಿ ಎಂದರೆ ಯಾರಿಗೂ ನೆನಪಾಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ರಾಗಿ ಅಂಬಲಿ ಕುಡಿದು ಅದರ ಮೇಲೆ ಮಾತ್ರೆ ನುಂಗಿದರೆ ದುಬಾರಿ ಔಷಧಿ ಅರ್ಧಕ್ಕರ್ಧ ವ್ಯರ್ಥ. ಎಲೆಅಡಿಕೆ ಹಾಕುವ ಅಜ್ಜಿಯರಿಗೆ ಹೇಳುವುದಾದರೆ ಸುಣ್ಣವೂ ಕ್ಯಾಲ್ಸಿಯಮ್ಮೇ. ಇವುಗಳನ್ನು ತಿನ್ನುವುದಕ್ಕೆ ಎರಡು ಗಂಟೆ ಮೊದಲು, ಇಲ್ಲವೇ ತಿಂದು ನಾಲ್ಕು ಗಂಟೆಯ ಮೇಲೆ ಮಾತ್ರೆ ತೆಗೆದುಕೊಳ್ಳಬೇಕು. ರಾತ್ರಿ ಮಲಗುವ ಹೊತ್ತು ಅನೇಕರಿಗೆ ಹೊಂದುತ್ತದೆ, ಊಟ ಬೇಗ ಮುಗಿಸಿದರೆ.

ಎಣಿಕೆ ಒಂದೂವರೆ ಲಕ್ಷಕ್ಕೆ ಬರಬೇಕೆಂದೇನೂ ಇಲ್ಲ. 50,000 ದಾಟಿ ರಕ್ತಸ್ರಾವ ಇಲ್ಲದಿದ್ದರೆ ಸಾಕು. ವಿಪರೀತ ಏರಿದರೆ ರಕ್ತ ಹೆಪ್ಪುಗಟ್ಟುವ ಭಯ ಇದೆ. ಚೆನ್ನಾಗಿದ್ದೇನೆ ಎಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಮಾತ್ರ ಬೇಡ. ಮಾತ್ರೆಯಿಂದ ಪ್ಲೇಟ್‌ಲೆಟ್ ಜಾಸ್ತಿಯಾಗಿರುವಾಗ ಅವು ಅವಳ ಸ್ವಂತ ಟಿಪಿಒವನ್ನು ಹೀರಿಕೊಂಡಿರುತ್ತವೆ. ಆಗ ಮಾತ್ರೆ ಸಡನ್ನಾಗಿ ನಿಂತರೆ ಮಜ್ಜೆಗೆ ಅದೂ ಇಲ್ಲ, ಇದೂ ಇಲ್ಲ. ಕೆಲವರಲ್ಲಿ ಎಣಿಕೆ ಮೊದಲಿಗಿಂತಲೂ ಕೆಳಗೆ ಹೋಗುತ್ತದೆ. ನಿಧಾನವಾಗಿ ಇಳಿಸುತ್ತಾ ಬಂದು ಕೊನೆಗೆ ಔಷಧಿಯೇ ಬೇಡವಾದವರೂ ಇದ್ದಾರೆ. ಅವಳು ಅವರಲ್ಲಿ ಒಬ್ಬಳಾಗಬಹುದು.

ಮಕ್ಕಳ ಪ್ರಶ್ನೆ. ಐಟಿಪಿ ಸಾಮಾನ್ಯವಾಗಿ ಆನುವಂಶಿಕವಾಗಿ ಬರುವುದಿಲ್ಲ. ಆದರೆ ಗರ್ಭದಲ್ಲಿರುವಾಗ ತಾಯಿಯ ಆ್ಯಂಟಿಬಾಡಿಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತವೆ. ಕೆಲವು ಮಕ್ಕಳಿಗೆ ಹುಟ್ಟಿದ ಮೊದಲ ವಾರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಆ್ಯಂಟಿಬಾಡಿ ಕರಗಿದ ಮೇಲೆ ಸರಿಹೋಗುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಲ್ಲಿ ಒಮ್ಮೆ, ಆಮೇಲೆ ಮೊದಲ ಕೆಲವು ದಿನ ಎಣಿಕೆ ನೋಡಿಕೊಳ್ಳಬೇಕು. ತಾಯಿಗೆ ಐಟಿಪಿ ಇದೆ ಎಂದು ಹೆರಿಗೆ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ಮೊದಲೇ ಹೇಳಿರಿ. ಎಲ್ಟ್ರೊಂಬೊಪ್ಯಾಗನ್ನು ಬಸಿರಿನಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ, ಆಗ ಸ್ಟೀರಾಯ್ಡ್ ಮತ್ತು ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿ) ಮೇಲೆ ನಡೆಸುತ್ತೇವೆ. ಹಾಗಾಗಿ ಮಗು ಬೇಕು ಎಂದುಕೊಂಡಾಗ, ಬಸಿರಾದ ಮೇಲಲ್ಲ, ಕೆಲವು ತಿಂಗಳು ಮೊದಲೇ ಅವಳ ಡಾಕ್ಟರ್ ಹತ್ತಿರ ಮಾತಾಡಲಿ. ಔಷಧಿ ಬದಲಾಯಿಸಿ ಎಣಿಕೆ ಸ್ಥಿರವಾಗಲು ಅಷ್ಟು ಸಮಯ ಬೇಕಾಗುತ್ತದೆ.